ಗಡ್ಡೆಯ ತಲೆ ಕಾಯುತ್ತಿದ್ದ ಮೊಸಳೆಯವರಿಗೆ

ಇವರಿಗೆ,
ಶ್ರೀ ಮೊಸಳೆಯವರು,
ಹಿಂದೆ ಅತ್ತಿಗಡ್ಡೆಯ ಮರಳುದಿಣ್ಣೆ, ಈಗ ಕೆಳಹೊಳೆಯ ದೊಡ್ಡ ಮಡು.

ಮಾನ್ಯರೇ,

ಹಲಗೂರಿನ ಕಡೆ ಕಾವೇರಿ ಎರಡು ಕವಲಾಗಿ ಬಳಸಿಕೊಂಡು ಹೋಗುವ ಅತ್ತಿಗಡ್ಡೆ ಎಂಬ ನಡುಗಡ್ಡೆಯ ನಲವತ್ತು ಮನೆಗಳ ಪರವಾಗಿ, ಶಿವರಾಜು ಅವರ ಹೆಂಡತಿ ವನಜಾ ಆದ ನಾನು ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಮ್ಮ ಆರೋಗ್ಯ, ತಮ್ಮ ಹಲ್ಲುಗಳ ಆರೋಗ್ಯ, ಹೊಸ ಜಾಗದ ಬಿಸಿಲು ಮತ್ತು ಮೀನು ಹೇಗಿವೆ ಎಂಬುದನ್ನು ಮೊದಲು ತಿಳಿಸುವುದು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ತಾವು ವರ್ಗವಾಗಿ ಹೋದ ಮೇಲೆ ಆ ಮಾತು ಬರೆಯಲು ಕೈ ಬರುತ್ತಿಲ್ಲ.

ತಮ್ಮನ್ನು ಇಲ್ಲಿಂದ ಸಾಗಿಸಿದ್ದು ನನ್ನ ಅರ್ಜಿಯೇ ಎಂಬುದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ಯುಗಾದಿ ಕಳೆದ ವಾರ ನಮ್ಮ ಮೇಕೆ ಕೆಂಪಿ ಕಾಣೆಯಾಯಿತು. ಅದೇ ಬೆಳಿಗ್ಗೆ ತಾವು ಮರಳುದಿಣ್ಣೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದುದನ್ನು ಕಂಡು, ಇದು ಹೊಟ್ಟೆ ತುಂಬಿದವರ ನೆಮ್ಮದಿಯೇ ಸೈ ಎಂದು ತೀರ್ಮಾನಿಸಿ, 'ಸದರಿ ಪ್ರಾಣಿಯಿಂದ ಸಾರ್ವಜನಿಕರಿಗೆ ಅಡಚಣೆ' ಎಂದು ಅರಣ್ಯ ಇಲಾಖೆಗೆ ಎರಡು ಪುಟ ಬರೆದುಕೊಟ್ಟೆ. ಒಂಬತ್ತನೆಯ ದಿನಕ್ಕೆ ಬಲೆ, ಹಗ್ಗ, ಬೋನು ಹೊತ್ತ ಜೀಪು ತೆಳುವಾದ ಕವಲನ್ನು ದಾಟಿ ಬಂದೇ ಬಿಟ್ಟಿತು. ಸೇತುವೆಗೆ, ಕರೆಂಟಿಗೆ, ನರ್ಸಮ್ಮನಿಗೆ ಎಂದು ಅರ್ಜಿ ಬರೆದೂ ಬರೆದೂ ಬೆರಳು ಸವೆಸಿಕೊಂಡಿದ್ದ ನನಗೆ, ಬರೆದದ್ದು ನಡೆಯುತ್ತದೆ ಎಂಬುದೇ ಹೊಸ ಅನುಭವವಾದ್ದರಿಂದ, ಬಂದವರಿಗೆಲ್ಲ ಪಾನಕ ಮಾಡಿಕೊಟ್ಟೆ. ಬಾಯಿಗೆ ಹಗ್ಗ ಬಿಗಿಸಿಕೊಂಡು ತಾವು ನನ್ನತ್ತ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಾವು ಮಾಡುತ್ತಿದ್ದ ಕೆಲಸ ಯಾವುದೆಂದು ನಮಗೆ ತಿಳಿದದ್ದು ಆಮೇಲೆ. ಗಡ್ಡೆಯ ತಲೆ, ಅಂದರೆ ಹೊಳೆ ಮೊದಲು ಬಂದು ತಾಕುವ ಮೇಲಿನ ತುದಿ, ನಿಂತಿರುವುದೇ ಆ ಮರಳುದಿಣ್ಣೆ ಮತ್ತು ಹೊಳೆಮತ್ತಿ ಮರಗಳ ಬೇರಿನ ಬಲದಲ್ಲಿ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ರಭಸವನ್ನು ಎರಡು ಕಡೆಗೆ ಹಂಚಿ ಕಳಿಸುವುದೂ, ಬೇಸಿಗೆಯಲ್ಲಿ ನೀರನ್ನು ಹಿಡಿದಿಟ್ಟು ಊರಬಾವಿಗೆ ಇಳಿಸುವುದೂ ಅದೇ ಮರಳು. ಅದನ್ನು ತೋಡಬೇಕಾದರೆ ಆಳುಗಳು ಸೊಂಟದ ನೀರಿನಲ್ಲಿ ನಿಂತು, ಬುಟ್ಟಿಯಲ್ಲಿ ಮೊಗೆದು ತೆಪ್ಪಕ್ಕೆ ತುಂಬಬೇಕು. ತಾವಿದ್ದ ನೀರಿಗೆ ಸೊಂಟದವರೆಗೆ ಇಳಿಯುವ ಗಂಡು ಮಳವಳ್ಳಿ ಸೀಮೆಯಲ್ಲೇ ಇರಲಿಲ್ಲ. ಸಂಬಳ, ಸಮವಸ್ತ್ರ, ಸಭೆ, ಭತ್ಯೆ ಏನೊಂದೂ ಇಲ್ಲದೆ, ಬಾಯೊಂದನ್ನು ತೆರೆದುಕೊಂಡೇ ತಾವು ಒಂದು ಊರನ್ನು ಕಾಯುತ್ತಿದ್ದಿರಿ. ಸಾರ್ವಜನಿಕರಿಗೆ ಅಡಚಣೆ ಎಂದು ಬರೆದೆನಲ್ಲ, ಯಾವ ಸಾರ್ವಜನಿಕರಿಗೆ ಎಂಬುದು ಈಗ ಅರ್ಥವಾಗಿದೆ.

ತಾವು ಹೋದ ಹದಿನೈದು ದಿನಕ್ಕೆ ತೆಪ್ಪಗಳು ಬಂದವು, ತಿಂಗಳಿಗೆ ಟ್ರಾಕ್ಟರುಗಳು ಬಂದವು. ನೀರುನಾಯಿಗಳು ಸಂಸಾರ ಸಮೇತ ಬಿಲ ಖಾಲಿ ಮಾಡಿದವು. ಮೂರು ಹೊಳೆಮತ್ತಿ ಮರಗಳು ಬುಡ ಸಡಿಲವಾಗಿ ಉರುಳಿದವು. ಬಾವಿಕಟ್ಟೆಯಿಂದ ದಡಕ್ಕೆ ಮೊದಲು ತೊಂಬತ್ತು ಹೆಜ್ಜೆ ಇದ್ದದ್ದನ್ನು ನಮ್ಮತ್ತೆ ಮುದ್ದಮ್ಮನವರು ಸೋಮವಾರಕ್ಕೊಮ್ಮೆ ನಡೆದು ಅಳೆಯುತ್ತಾರೆ. ಈ ಸೋಮವಾರ ಹದಿನೇಳನೆಯ ಹೆಜ್ಜೆಗೇ ಹೊಳೆ ಬಂತು. ನಲವತ್ತು ಮನೆಗೆ ಕುಡಿಯಲು ಇರುವುದು ಅದೊಂದೇ ಬಾವಿ. ಈ ಮಳೆಗಾಲದಲ್ಲಿ ಅದು ಹೊಳೆಪಾಲಾದರೆ, ಸುತ್ತ ನಾಲ್ಕು ದಿಕ್ಕಿಗೂ ನೀರಿರುವ ನಾವು ಕುಡಿಯುವ ನೀರಿಲ್ಲದೆ ಊರು ಬಿಡಬೇಕಾಗುತ್ತದೆ. "ಮೊಸ್ಳೆ ಇದ್ದಾಗ ಒಳೆ ನಮ್ದಾಗಿತ್ತು ಕಣಮ್ಮ, ಒಂದ್ ಮ್ಯಾಕೆ ಹೆಸ್ರೇಳಿ ಊರ್ನೇ ಕೊಟ್ಬುಟ್ಯಲ್ಲ" ಎಂದು ನಮ್ಮತ್ತೆ ಅಳತೆ ಮುಗಿಸಿ ಬಂದಾಗಲೆಲ್ಲ ಹೇಳುತ್ತಾರೆ.

ಸುಮ್ಮನೆ ಕೂತಿಲ್ಲ ಮಾನ್ಯರೇ. ಮರಳಿನ ವಿಚಾರವಾಗಿ ಹನ್ನೊಂದು ಅರ್ಜಿ ಬರೆದು, ಬಸ್ಸು ಹತ್ತಿ ಮಳವಳ್ಳಿಗೂ ಮಂಡ್ಯಕ್ಕೂ ಕೊಂಡುಹೋಗಿ ಕೊಟ್ಟೆ. ಹನ್ನೊಂದಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ತಮ್ಮ ಜಾಗ ಖಾಲಿ ಇರಬಾರದೆಂದು ನಮ್ಮ ಯಜಮಾನರು ಹಳೆಯ ಟ್ರಾಕ್ಟರ್ ಟೈರನ್ನು ಸೀಳಿ, ಹಲ್ಲಿಗೆ ತೆಂಗಿನ ಕರಟ ಜೋಡಿಸಿ, ಒಬ್ಬ ಹಂಗಾಮಿ ಮೊಸಳೆಯನ್ನು ದಿಣ್ಣೆಯ ಮೇಲೆ ನೇಮಿಸಿದರು. ಎರಡು ದಿನ ತೆಪ್ಪಗಳು ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಮರಳಿನವರು ಅದರ ಬೆನ್ನ ಮೇಲೇ ಕೂತು ಚಿತ್ರಾನ್ನ ತಿಂದರು. ನಾಲ್ಕನೆಯ ದಿನ ಅದನ್ನೂ ಟ್ರಾಕ್ಟರಿಗೆ ಹಾಕಿಕೊಂಡು ಹೋದರು. "ಲೇ, ಮೊಸ್ಳೆನೂ ಕದ್ಬುಟ್ರು ಕಣ್ಲಾ" ಎಂದು ನಮ್ಮ ಯಜಮಾನರು ದಡದಲ್ಲಿ ನಿಂತು ಕೂಗಿದ್ದು ಆಚೆ ದಡದವರಿಗೂ ಕೇಳಿ, ಅವರು ಇಂದಿಗೂ ನಗುತ್ತಿದ್ದಾರೆ.

ಆದಕಾರಣ ತಮ್ಮಲ್ಲಿ ನಮ್ಮ ಬಿನ್ನಹ. ಬಾವಿಕಟ್ಟೆಯ ಹತ್ತಿರ ನಲವತ್ತು ಮನೆಯವರೂ ಸೇರಿ ತಮ್ಮ ವರ್ಗಾವಣೆಯನ್ನು ಒಮ್ಮತದಿಂದ ರದ್ದು ಮಾಡಿದ್ದೇವೆ. ತಾವು ದಯಮಾಡಿ ಹೊಳೆ ತುಂಬುವ ಮೊದಲು ಈಜಿಕೊಂಡು ಬಂದು ಕೆಲಸಕ್ಕೆ ಹಾಜರಾಗಬೇಕು, ಸಾಧ್ಯವಾದರೆ ಬರುವಾಗ ಮನೆಯವರನ್ನೂ ನೀರುನಾಯಿಗಳನ್ನೂ ಕರೆತರಬೇಕು. ಮರಳಿನ ಆಳುಗಳನ್ನು ಮುಟ್ಟಬೇಡಿ, ಅವರೂ ಕೂಲಿ ಜನ. ದೂರದಿಂದ ಬಾಯಿ ತೆರೆದರೆ ಸಾಕು. ಗಡ್ಡೆಯ ಬಾಲದ ಕಡೆ ಭಾನುವಾರ ಬೈಕಿನಲ್ಲಿ ಬಂದು ಬಾಟಲಿ ಒಡೆಯುವವರ ಪಕ್ಕದಲ್ಲಿ ಒಮ್ಮೆ ತಲೆ ಎತ್ತಿದರೂ ಉಪಕಾರವಾಗುತ್ತದೆ. ಟ್ರಾಕ್ಟರಿನ ಮಾಲೀಕರು ಬೂಟು ಕಳಚಿ ಕಾಲು ತೊಳೆಯಲು ಇಳಿದ ದಿನ ಮಾತ್ರ ಏನು ಮಾಡಬೇಕೆಂಬುದನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದೇವೆ. ಈ ಸಲ ಯಾರೂ ಅರ್ಜಿ ಬರೆಯುವುದಿಲ್ಲ.

ತಮ್ಮ ಹಲ್ಲುಗಳಲ್ಲಿ ಪೂರ್ಣ ನಂಬಿಕೆಯಿಟ್ಟಿರುವ
ತಮ್ಮ ವಿಶ್ವಾಸಿ,
ವನಜಾ
ಅತ್ತಿಗಡ್ಡೆ

ವಿ.ಸೂ.: ಒಂದು ವಿಷಯ ಬರೆಯಲು ನಾಚಿಕೆಯಾಗಿ ಕೊನೆಗೆ ಉಳಿಸಿಕೊಂಡೆ. ತಮ್ಮನ್ನು ಸಾಗಿಸಿದ ಮಾರನೆಯ ದಿನವೇ ಕೆಂಪಿ ಮನೆಗೆ ಬಂತು. ತೆಳುನೀರು ದಾಟಿ ಹೋಗಿ ಆಚೆ ದಡದ ಮಂದೆಯಲ್ಲಿ ಸೇರಿಕೊಂಡಿತ್ತಂತೆ, ಈಗ ಅದಕ್ಕೆ ಎರಡು ಮರಿ. ಹೀಗೆ ನನ್ನ ಸುಳ್ಳು ದೂರೊಂದಕ್ಕೆ ಒಂಬತ್ತು ದಿನದಲ್ಲಿ ಜೀಪು ಬಂತು, ನಿಜವಾದ ಹನ್ನೊಂದು ಇನ್ನೂ ಪರಿಶೀಲನೆಯಲ್ಲಿವೆ. ಆದ್ದರಿಂದ ಹನ್ನೆರಡನೆಯ ಅರ್ಜಿಯಲ್ಲಿ, ಗಡ್ಡೆಯ ತಲೆಯಲ್ಲಿ ಮರಳು ತುಂಬಿಕೊಂಡು ಟ್ರಾಕ್ಟರ್ ಓಡಿಸುತ್ತಿರುವುದು ಒಂದು ಮೊಸಳೆ ಎಂದು ಅದೇ ಅರಣ್ಯ ಇಲಾಖೆಗೆ ಬರೆದು ಕಳಿಸಿದ್ದೇನೆ. ಬೋನು ಹೊತ್ತ ಜೀಪು ನಾಳೆ ಬೆಳಿಗ್ಗೆ ಹೊರಡುತ್ತದೆಂದು ಈಗಷ್ಟೇ ಫೋನು ಬಂತು.