ವಶದಲ್ಲಿದ್ದ ವಿಭಾಗ ಮತ್ತು ಒಂದು ಬಡ್ತಿ

ಆಧುನಿಕ ಗ್ರೀಕ್ ಚಿಂತನೆಯ ಇತಿಹಾಸ ವಿಭಾಗದ ಕಟ್ಟಡವನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡು ಇದು ಎರಡನೆಯ ಚಳಿಗಾಲ. ಬೋಧನೆ ನಿಂತಿತ್ತು, ಆಡಳಿತಕ್ಕೆ ಅಡಚಣೆಯಾಗಿರಲಿಲ್ಲ. ಪ್ರಾಧ್ಯಾಪಕರು ಎದುರಿನ ಕಾಫಿ ಅಂಗಡಿಯಲ್ಲಿ ಹಾಜರಿ ಹಾಕುತ್ತಿದ್ದರು.

ತೊಂದರೆಯಾದದ್ದು ಸಹ ಪ್ರಾಧ್ಯಾಪಕಿ ಪೊಲಿಕ್ಸೆನಿ ಕರವಿದಾ ಒಬ್ಬರಿಗೆ. ಆಗಸ್ಟ್ ಕೊನೆಗೆ ಅವರ ನಿವೃತ್ತಿ. ಅದರೊಳಗೆ ಪ್ರಾಧ್ಯಾಪಕಿಯಾಗಿ ಆಯ್ಕೆಯಾಗದಿದ್ದರೆ ಎಂದೆಂದಿಗೂ ಇಲ್ಲ. ನಿಯಮ ಸ್ಪಷ್ಟವಿತ್ತು: ಆಯ್ಕೆಯು ವಿಭಾಗದ ಸಭಾಂಗಣದಲ್ಲಿಯೇ, ಬಹಿರಂಗವಾಗಿ ನಡೆಯತಕ್ಕದ್ದು. ಅಲ್ಲಿ ವಿದ್ಯಾರ್ಥಿಗಳ ಮಹಾಸಭೆ ನಡೆದೇ ಇತ್ತು. ವಿಷಯ: ಕಟ್ಟಡ ಬಿಟ್ಟುಕೊಡಬೇಕೇ, ಬೇಡವೇ.

"ನೀವೇ ಕಲಿಸಿದ್ದಲ್ವಾ ಮೇಡಂ?" ಎಂದಳು ಬಾಗಿಲು ಕಾಯುತ್ತಿದ್ದ ವಿದ್ಯಾರ್ಥಿನಿ ಥಾಲಿಯಾ. "ಎಲ್ಲರ ಮಾತೂ ಮುಗಿಯೋ ತನಕ ತೀರ್ಮಾನ ಇಲ್ಲ ಅಂತ."

ಕಲಿಸಿದ್ದು ನಿಜ. ತುರ್ಕರ ಆಳ್ವಿಕೆಯ ಕಾಲದ ಒಬ್ಬ ದ್ವೀಪವಾಸಿ ಶಾಲಾಮಾಸ್ತರನ ಆ ಒಂದು ವಾಕ್ಯದ ಮೇಲೆ ಪೊಲಿಕ್ಸೆನಿ ಮೂರು ಗ್ರಂಥ ಬರೆದಿದ್ದರು. ಮಾಸ್ತರನ ಊರಿನಲ್ಲಿ ಬಾವಿ ಎಲ್ಲಿ ತೋಡಬೇಕೆಂಬುದು ಇಂದಿಗೂ ತೀರ್ಮಾನವಾಗಿಲ್ಲ.

"ಹಾಗಾದ್ರೆ ನನಗೂ ಸರದಿ ಕೊಡು."

"ಸಾಲಿನ ಕೊನೇಲಿ ನಿಂತ್ಕೊಳ್ಳಿ. ಆಯ್ಕೆ ಸಮಿತಿಯೋರೂ ಅಷ್ಟೇ."

"ನಾನು ಅಧ್ಯಕ್ಷ ಕಣಮ್ಮ!" ಎಂದರು ವಿಭಾಗಾಧ್ಯಕ್ಷ ವೆರ್ಗೊಪುಲೊಸ್.

"ಇರಬಹುದು ಸಾರ್. ಸಾಲಿಗೆ ಅಧ್ಯಕ್ಷರಿಲ್ಲ. ಕಾಫಿ ಹೊರಗಿಟ್ಟು ಬನ್ನಿ."

ಪೊಲಿಕ್ಸೆನಿಯವರ ಸರದಿ ಬಂತು. "ನನ್ನ ಬಡ್ತಿಯನ್ನು ಸಭೆಯ ಮುಂದಿಡುತ್ತೇನೆ. ನನ್ನ ಗ್ರಂಥಗಳನ್ನು ಓದಿದವರು ಮಾತಾಡಬಹುದು."

ಎರಡು ಚಳಿಗಾಲಗಳಲ್ಲಿ ಮೊದಲ ಬಾರಿಗೆ ಸಭಾಂಗಣ ನಿಶ್ಶಬ್ದವಾಯಿತು. ವಿದ್ಯಾರ್ಥಿಗಳು ಆಯ್ಕೆ ಸಮಿತಿಯನ್ನು ನೋಡಿದರು. ಆಯ್ಕೆ ಸಮಿತಿ ಛಾವಣಿಯನ್ನು ನೋಡಿತು.

"ಎಲ್ಲರ ಮಾತೂ ಮುಗೀತು," ಎಂದು ಥಾಲಿಯಾ ಘೋಷಿಸಿದಳು. ಬಡ್ತಿಯ ಪರವಾಗಿ ಕೈಗಳೆಲ್ಲ ಮೇಲೆದ್ದವು.

ಆ ವರ್ಷ ಕೋರಂ ಇದ್ದ ಏಕೈಕ ಸಭೆ ಅದಾದ್ದರಿಂದ ಸಚಿವಾಲಯ ಆಯ್ಕೆಯನ್ನು ಊರ್ಜಿತಗೊಳಿಸಿ ಪ್ರಕಟಣೆ ಹೊರಡಿಸಿತು: "ಇನ್ನು ಮುಂದೆ ಬಡ್ತಿಗಳು ವಶದ ಅವಧಿಯಲ್ಲಿಯೇ ನಡೆಯತಕ್ಕದ್ದು. ಬಡ್ತಿಗಳು ಬಾಕಿಯಿರುವವರೆಗೆ ವಶವನ್ನು ತೆರವುಗೊಳಿಸತಕ್ಕದ್ದಲ್ಲ."

ಈಸ್ಟರ್ ಬಂತು. ಥಾಲಿಯಾ ತಲೆ ತಗ್ಗಿಸಿ ನಿಂತಳು. "ಮೇಡಂ, ಊರಲ್ಲಿ ಅಜ್ಜಿ ಇಡೀ ಕುರಿಮರಿ ಸುಡ್ತಾಳೆ. ಎಲ್ರೂ ಹೊರಟ್ವಿ. ಹೋಗ್ಲಾ?"

"ಬಾಗಿಲಿಗೆ ಬದಲಿ ಯಾರು?"

"ಯಾರೂ ಇಲ್ಲ."

"ಶಿಸ್ತಿಲ್ಲದ ಮೇಲೆ ಅದೆಂಥ ಬಂಡಾಯವೇ? ಕೀಲಿಕೈ ಕೊಡು. ಅಜ್ಜಿಗೆ ಹಬ್ಬದ ಶುಭಾಶಯ ಹೇಳು."

ಪ್ರಾಧ್ಯಾಪಕಿ ಪೊಲಿಕ್ಸೆನಿ ತೋಳಿಗೆ ಕಾವಲಿನವರ ಕೆಂಪು ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ಕುಳಿತರು. ಮಧ್ಯಾಹ್ನ ವೆರ್ಗೊಪುಲೊಸ್ ಬಂದರು. ಅವರ ಕನ್ನಡಕ ಒಳಗೆ ಉಳಿದಿತ್ತು.

"ಸಾಲಿನಲ್ಲಿ ನಿಲ್ಲಿ," ಎಂದರು ಪೊಲಿಕ್ಸೆನಿ.

ಅಧ್ಯಕ್ಷರು ಕಾಫಿ ಕೆಳಗಿಟ್ಟು ನಿಂತರು. ಅವರ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಸಾಲು ನೇರವಾಗಿತ್ತು.