ಮೀನಿನ ನೀರಿಗೆ ಅರ್ಧ ಟಿಕೀಟು

ನೀರಿನಿಂದ ಮೀನನ್ನು ಮನೆಗೆ ತರುವವರನ್ನು ನೀವು ಬೇಕಾದಷ್ಟು ನೋಡಿರಬಹುದು. ಮನೆಯಲ್ಲಿರುವ ಮೀನಿಗಾಗಿ ಇನ್ನೊಂದು ಊರಿನಿಂದ ಬಸ್ಸಿನಲ್ಲಿ ನೀರು ತರುವವರನ್ನು ನೋಡಿದ್ದೀರಾ? ನೋಡಿಲ್ಲವೆಂದರೆ ನೀವು ನಮ್ಮ ಮಾವನನ್ನು ನೋಡಿಲ್ಲ ಎಂದೇ ಅರ್ಥ. ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರನನ್ನು ಕೇಳಿ. ಆತ ಮೊದಲು ಹಣೆ ಚಚ್ಚಿಕೊಳ್ಳುತ್ತಾನೆ, ಆಮೇಲೆ ಕಥೆ ಹೇಳುತ್ತಾನೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಶಿಕಾರಿಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟರೂ ಅವರು ಸೀಟಿಯನ್ನು ಬಿಡಲಿಲ್ಲ. ಎಮ್ಮೆ ಕೊಟ್ಟಿಗೆಗೆ ಬರಬೇಕಾದರೂ ಸೀಟಿ, ಒಣಹಾಕಿದ ಹಪ್ಪಳದ ಮೇಲಿನಿಂದ ಕಾಗೆ ಏಳಬೇಕಾದರೂ ಸೀಟಿ. ಅತ್ತೆಯನ್ನು ಕರೆಯುವುದಕ್ಕೆ ಮಾತ್ರ ಊದುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಊದಿ ನೋಡಿದ್ದರಂತೆ. ಅಂದು ಮಧ್ಯಾಹ್ನ ಅತ್ತೆ ಎಲೆಯ ಮೇಲೆ ಅನ್ನದ ಬದಲು ಸೀಟಿಯನ್ನೇ ಬಡಿಸಿದರಂತೆ!

ಅತ್ತೆ ಸೊರಬದವರು. ಸೊಸೆಯಾಗಿ ಬಂದ ದಿನ ಮಾವನ ಮನೆಯ ಬಾವಿಯ ನೀರನ್ನು ಒಂದು ಗುಟುಕು ಕುಡಿದು ಚೊಂಬನ್ನು ಮೆಲ್ಲಗೆ ಕೆಳಗಿಟ್ಟವರು. ಆಮೇಲೆ ಅದನ್ನೇ ಕುಡಿಯುತ್ತ ಬಂದರು, ನಿಜ; ಆದರೆ ಒಪ್ಪಿಕೊಂಡು ಕುಡಿದವರಲ್ಲ.

"ಬೇಳೆ ಬೇಯೂದಿಲ್ಲ, ಬಾಯಾರಿಕೆ ಹೋಗೂದಿಲ್ಲ. ಇದೂ ಒಂದು ನೀರಾ ಮಾರಾಯ್ರೆ?"

"ನಮ್ಮಪ್ಪ ಬಂಡಿಗಲ್ಲು ಒಡಿಸಿ ತೋಡಿಸಿದ ಬಾವಿ ಅದು! ಇಡೀ ಬೀದಿ ಕುಡೀತೈತಿ. ನಿಮ್ಮ ಸೊರಬದ ನೀರು ಕುಡಿದೋರೆಲ್ಲ ಇಂದ್ರಲೋಕಕ್ಕ ಹೋಗ್ಯಾರೇನು?"

"ಎಂತಕ್ಕೆ ಹೋಗ್ತಾರೆ? ಇದ್ದಲ್ಲೇ ಸುಖವಾಗಿದ್ದಾರಲ್ಲ!"

ಈ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ನಾನು ಮೈಸೂರಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಾಗಲೂ ನಡೆದೇ ಇತ್ತು. ಹಬ್ಬಕ್ಕೆ, ಹುಣ್ಣಿಮೆಗೆ, ಏನೂ ಸಿಗದಿದ್ದರೆ ನೆಗಡಿಗೆ ಎಂದು ನೆಪ ಮಾಡಿಕೊಂಡು ಅತ್ತೆ ಸೊರಬಕ್ಕೆ, ಅಂದರೆ ನಮ್ಮ ಮನೆಗೆ ಬರುತ್ತಿದ್ದರು. ಬಂದವರು ಮೊದಲು ನಮ್ಮನ್ನಲ್ಲ, ಬಾವಿಯನ್ನು ಮಾತಾಡಿಸುತ್ತಿದ್ದರು.

ಹೀಗಿರುವಾಗ ಅತ್ತೆ ಜಗುಲಿಯಿಂದ ಇಳಿಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಿವಮೊಗ್ಗದ ಡಾಕ್ಟರು ಪ್ಲಾಸ್ಟರ್ ಹಾಕಿ ಕಳಿಸಿದರು. ಬೀದಿಯವರ ಭಾಷೆಯಲ್ಲಿ ಹೇಳುವುದಾದರೆ, "ಕಾಲಿಗೆ ಸಿಮೆಂಟ್ ಹಾಕ್ಯಾರೆ." ಬಸ್ಸಿನ ಕುಲುಕಾಟ ಬಹಳ ಕಾಲ ಕೂಡದೆಂದು ಅಪ್ಪಣೆಯಾಯಿತು. ಪಡಸಾಲೆಯ ಮಂಚದ ಮೇಲೆ ಮಲಗಿದ ಅತ್ತೆ ಎರಡು ತುತ್ತು ಉಂಡು ತಟ್ಟೆ ಸರಿಸತೊಡಗಿದರು. ಜಗಳವನ್ನೂ ನಿಲ್ಲಿಸಿದರು. ಮಾವ ಬೇಕೆಂದೇ, "ನೋಡು, ಬಾವಿ ನೀರು ಇವತ್ತು ಹೆಂಗ ಸಿಹಿ ಐತಿ!" ಎಂದು ಕೆಣಕಿದರೂ ಉತ್ತರವಿಲ್ಲ. ಮುರಿದ ಮೂಳೆಗಿಂತ ಆ ಮೌನವೇ ಮಾವನನ್ನು ಹೆದರಿಸಿತು.

ಡ್ರಿಲ್ ಮಾಸ್ತರರಿಗೆ ಹೆದರಿಕೆಯಾದರೆ ಏನು ಮಾಡುತ್ತಾರೆ? ಏನಾದರೊಂದು ಮಾಡುತ್ತಾರೆ! ಶಿವಮೊಗ್ಗದಿಂದ ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರ ಮನೆಯಿಂದ ಒಂದು ದೊಡ್ಡ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಚಿನ್ನದ ಬಣ್ಣದ ಮೀನುಗಳನ್ನೂ ತಂದು ಮಂಚದ ಪಕ್ಕದಲ್ಲಿಟ್ಟರು. ಮಲಗಿದವರಿಗೆ ನೋಡಲು ಏನಾದರೂ ಬೇಕಲ್ಲ!

ಸುದ್ದಿ ತಿಳಿದು ಪಕ್ಕದ ಮನೆಯ ಅಜ್ಜಿ ಓಡಿಬಂದು ಹೊಸಿಲಾಚೆಯೇ ನಿಂತರು.

"ಏನ್ ಮಾಸ್ತರಾ, ಮೊಟ್ಟಿ ಅಂದ್ರ ಬಾಯಿ ತೊಳ್ಕೊಳ್ಳೋ ಮನ್ಯಾಗ ಮೀನು ತಂದೀಯಂತಲ್ಲ?"

"ತಿನ್ನಾಕಲ್ಲಜ್ಜಿ, ನೋಡಾಕ."

"ಎಲ್ಲಾರೂ ಹಂಗಂತಾನೇ ಶುರು ಮಾಡ್ತಾರಪ್ಪ!"

ಅತ್ತೆ ಬಿದ್ದ ಮೇಲೆ ಮೊದಲ ಸಲ ನಕ್ಕದ್ದು ಆಗ. ಮೀನುಗಳನ್ನು ಅವರು ಬೇಗ ಹಚ್ಚಿಕೊಂಡರು. ಎಲ್ಲಕ್ಕೂ ದಪ್ಪನಾದದ್ದಕ್ಕೆ 'ಹೆಡ್ಮಾಸ್ತರು' ಎಂದು ಹೆಸರಿಟ್ಟರು. ದಿನವಿಡೀ ಬಾಯಿ ತೆರೆದು ಮುಚ್ಚಿ ಮಾಡುತ್ತದೆ, ಒಂದು ಮಾತೂ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ!

ಮಾವ ಸುಮ್ಮನಿರುವರೇ? ದಿನಕ್ಕೆ ಮೂರು ಹೊತ್ತು ಸೀಟಿ ಊದಿ ಮೀನುಗಳಿಗೆ ಮಂಡಕ್ಕಿ ಹಾಕಿದರು. ಒಂದೆರಡು ಕಾಳಲ್ಲ, ಮುಷ್ಟಿಗಟ್ಟಲೆ. ಮಂಡಕ್ಕಿ ತಿನ್ನದ ಜೀವ ಶಿಕಾರಿಪುರದಲ್ಲಿ ಬದುಕುತ್ತದೆ ಎಂಬುದನ್ನು ಅವರು ನಂಬುತ್ತಿರಲಿಲ್ಲ. ಮೀನುಗಳೂ ಸೀಟಿ ಕೇಳಿದ ಕೂಡಲೇ ಸಾಲಾಗಿ ಬಂದು ನಿಲ್ಲುತ್ತಿದ್ದವಂತೆ. ಸಾಲಾಗಿ ಎಂಬುದು ಮಾವನ ಮಾತು. ನಾನು ನೋಡಿದಾಗ ಅವು ಒಂದರ ಮೇಲೊಂದು ಬಿದ್ದಿದ್ದವು.

ಕೆಲವು ವಾರದಲ್ಲಿ ನೀರು ಹಸಿರುಗಟ್ಟಿತು. ಮೀನುಗಳು ಮೇಲೆ ಬಂದು ಗುಟುಗುಟು ಎನ್ನತೊಡಗಿದವು. ಒಂದು ಬೆಳಿಗ್ಗೆ ಎಲ್ಲಕ್ಕೂ ಚಿಕ್ಕ ಮೀನು ಹೊಟ್ಟೆ ಮೇಲಾಗಿ ತೇಲಿತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿ, "ಒಂದು ಹೋಯ್ತು. ಮುಂದೆ ಯಾರ ಸರದಿಯೋ" ಎಂದರು. ಆ ಹೊತ್ತಿನ ಊಟ ಹಾಗೆಯೇ ತಣ್ಣಗಾಯಿತು.

ಅಂದೇ ಮಧ್ಯಾಹ್ನದ ಬಸ್ಸಿಗೆ ಮಾವ ಸೊರಬದ ನಮ್ಮ ಮನೆಯಲ್ಲಿ ಹಾಜರ್.

"ಏ ಬಿಎಸ್ಸಿ! ಏಳು, ಶಿಕಾರಿಪುರಕ್ಕ ನಡಿ."

ಅಮ್ಮನ ಕೈಯ ಪಾತ್ರೆ ಜಾರಿತು. "ಅಯ್ಯೋ, ಅತ್ತಿಗೆಗೆ ಎಂತ ಆಯ್ತು?"

"ಆಕಿ ಅದಾಳ. ಮೀನಿಗೆ ಆರಾಮಿಲ್ಲ."

ಅಮ್ಮ ಬಿದ್ದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು. ಆ ದಿನ ಮಾವನಿಗೆ ಕಾಫಿ ತಡವಾಗಿ ಬಂತು.

ನಾನಾಗ ಸೊರಬದಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಶಾಲೆಯ ಹಿರಿಯರ ಒಪ್ಪಿಗೆ ಪಡೆದು ಒಂದಿಷ್ಟು ಗಾಜಿನ ನಳಿಗೆ, ಚಿಕ್ಕ ಸೀಸೆಯಲ್ಲಿ ಗಂಧಕಾಮ್ಲ, ನಮ್ಮ ಆಯುರ್ವೇದ ಪಂಡಿತರು ಅನ್ನಭೇದಿ ಎನ್ನುವ ಹಸಿರು ಹರಳು ಇವಿಷ್ಟನ್ನು ಕಟ್ಟಿಕೊಂಡು ಹೊರಟೆ. ಮೀನಿನ ಹೊಲಸು, ಉಳಿದ ಆಹಾರ ಎಲ್ಲ ನೀರಿನಲ್ಲೇ ಕೊಳೆತು ಕೊನೆಗೆ ನೈಟ್ರೇಟು ಎಂಬ ಉಪ್ಪಾಗಿ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಅದು ಏರುತ್ತ ಹೋದಂತೆ ಮೀನು ಸೊರಗುತ್ತದೆ. ಅದಿದೆಯೇ ಎಂದು ನೋಡಲು ಆ ನೀರಿಗೆ ಅನ್ನಭೇದಿಯ ದ್ರಾವಣ ಬೆರೆಸಿ, ನಳಿಗೆಯನ್ನು ಓರೆಯಾಗಿ ಹಿಡಿದು, ಗಂಧಕಾಮ್ಲವನ್ನು ಗೋಡೆಗುಂಟ ಮೆಲ್ಲಗೆ ಇಳಿಸಬೇಕು. ನೈಟ್ರೇಟು ಇದ್ದರೆ ಎರಡೂ ಸೇರುವ ಗಡಿಯಲ್ಲಿ ಕಂದು ಬಣ್ಣದ ಒಂದು ಉಂಗುರ ಮೂಡುತ್ತದೆ.

ಮೂಡಿತು. ಚಂದದ ದಪ್ಪ ಉಂಗುರ.

"ಅಬಬಾ! ನೀರಿಗೆ ನಿಶ್ಚಿತಾರ್ಥ ಆತು!" ಎಂದು ಮಾವ ಮುಟ್ಟಲು ಹೋದರು. ನಾನು ನಳಿಗೆಯನ್ನು ಹಿಂದಕ್ಕೆಳೆದುಕೊಂಡೆ. ಒಂದು ಹನಿ ಅವರ ಧೋತರದ ಮೇಲೆ ಬಿತ್ತು. ಆ ಹನಿ ಮಾಡಿದ ತೂತನ್ನು ಅವರು ಊರಿನವರಿಗೆಲ್ಲ, "ನಮ್ಮ ಹುಡುಗಿ ಮಾಡಿದ್ದು" ಎಂದು ಬಹಳ ದಿನ ತೋರಿಸಿಕೊಂಡು ಬಂದರು.

ಮಂಡಕ್ಕಿ ಬಂದಾಯಿತು. ಸೀಟಿ ಉಳಿಯಿತು. ಕೆರೆಯಿಂದ ನೀರುಗಿಡ ತಂದು ನೆಟ್ಟೆವು, ಏಕೆಂದರೆ ಗಿಡಗಳು ನೈಟ್ರೇಟನ್ನು ಹೀರುತ್ತವೆ. ತೊಟ್ಟಿಯ ಅರ್ಧ ನೀರು ತೆಗೆದು ಬಾವಿಯ ತಾಜಾ ನೀರು ತುಂಬಿದೆವು. ಮರುವಾರ ಪರೀಕ್ಷೆ ಮಾಡಿದರೆ ಉಂಗುರ ಹಾಗೆಯೇ ಇದೆ! ನನಗೆ ಸಂಶಯ ಬಂತು. ಬಾವಿಯಿಂದ ಆಗತಾನೇ ಸೇದಿದ ನೀರನ್ನೇ ನಳಿಗೆಗೆ ಹಾಕಿದೆ. ಅದರಲ್ಲೂ ಉಂಗುರ!

ಮಾವನ ಮುಖ ಕೆಂಪಾಯಿತು. "ನಮ್ಮಪ್ಪನ ಬಾವ್ಯಾಗ? ನಿನ್ನ ಆಸಿಡ್ಡು ಹಳೇದೈತಿ!"

ಬಾವಿಯಿಂದ ನಾಲ್ಕು ಮಾರು ದೂರದಲ್ಲಿದ್ದ ಕೊಟ್ಟಿಗೆಯ ತಿಪ್ಪೆಯನ್ನು ತೋರಿಸಿ, ಅದರ ಕೊಳೆಯೇ ಮಣ್ಣಿನೊಳಗಿಂದ ಬಾವಿಗೆ ಇಳಿದಿದೆ ಎಂದೆ. ಅವರು ಒಪ್ಪಲಿಲ್ಲ. ಪಕ್ಕದ ಮನೆಯ ನೀರು ಪರೀಕ್ಷಿಸು, ಹೋಟೆಲ್ಲಿನ ನೀರು ಪರೀಕ್ಷಿಸು, ಕೊನೆಗೆ ಮಜ್ಜಿಗೆಯನ್ನೂ ಪರೀಕ್ಷಿಸು ಎಂದರು. ಮಂಚದ ಮೇಲಿಂದ ಬಹಳ ದಿನದ ಮೇಲೆ ಹಳೆಯ ದನಿ ಕೇಳಿಸಿತು.

"ಎಲ್ಲ ಬಿಟ್ಟು ಸೊರಬದ ನಮ್ಮ ಬಾವಿ ನೀರು ತರಿಸಿ ನೋಡಿ ಮಾರಾಯ್ರೆ."

ಮರುವಾರ ಸೀಸೆಯಲ್ಲಿ ತಂದೆ. ಆಮ್ಲ ಇಳಿಸಿದೆ. ಮಾವ ಕನ್ನಡಕ ಒರೆಸಿಕೊಂಡು ನೋಡಿದರು. ಉಂಗುರವಿಲ್ಲ. ಮತ್ತೊಮ್ಮೆ ಮಾಡಿಸಿದರು. ಮತ್ತೊಮ್ಮೆಯೂ ಇಲ್ಲ.

"ನಾ ಅವತ್ತೇ ಹೇಳಿರ್ಲಿಲ್ವಾ, ಬೇಳೆ ಬೇಯೂದಿಲ್ಲ ಅಂತ!" ಎಂದು ಅತ್ತೆ ದಿಂಬು ತಟ್ಟಿದರು. ಬೇಳೆ ಬೇಯದಿರುವುದಕ್ಕೆ ಕಾರಣ ಬೇರೆ ಲವಣಗಳು, ನೈಟ್ರೇಟಲ್ಲ ಎಂದು ನಾನು ವಿವರಿಸಹೊರಟೆ. ಗೆದ್ದವರಿಗೂ ಕೇಳುವ ವ್ಯವಧಾನವಿರಲಿಲ್ಲ, ಸೋತವರಿಗೂ ಇರಲಿಲ್ಲ.

ಆದರೆ ಇನ್ನೊಂದು ಮಾತನ್ನು ನಾನು ಹೇಳಲೇಬೇಕಿತ್ತು. "ಮಾವ, ಮೀನಿಗೆ ಆಗದ ನೀರು ಹಸುಗೂಸಿಗೂ ಆಗೋದಿಲ್ಲ. ಬೀದಿಯವರೆಲ್ಲ ಇದೇ ನೀರು ಕುಡೀತಾರೆ." ಮಾವ ಎದ್ದುನಿಂತರು. ಹೊರಗೆ ಹೋಗಿ ಸೀಟಿ ಊದಿದರು. ಅವರ ಹಳೆಯ ಶಿಷ್ಯರು, ಈಗ ಮೀಸೆ ಹೊತ್ತವರು, ಒಬ್ಬೊಬ್ಬರಾಗಿ ಬಂದರು. ಸಂಜೆಯೊಳಗೆ ತಿಪ್ಪೆ ಗಾಡಿಗಳಲ್ಲಿ ಹೊಲ ಸೇರಿತು. ಬಾವಿ ತಿಳಿಯಾಗುವವರೆಗೆ ಯಾವ ಕೂಸಿಗೂ ಆ ನೀರು ಕುಡಿಸಕೂಡದೆಂದು ಅಜ್ಜಿ ಮನೆ ಮನೆಗೆ ಸಾರಿ ಬಂದರು. ಸಾರುವ ಕೆಲಸದಲ್ಲಿ ಅಜ್ಜಿಗೆ ಸೀಟಿ ಬೇಕಿರಲಿಲ್ಲ.

"ಬಾವಿ ಸರಿಹೋಗುವ ತನಕ ಮೀನಿಗೆ ಸೊರಬದ ನೀರೇ" ಎಂದು ಮಾವ ಘೋಷಿಸಿದರು. ವಾರಕ್ಕೊಮ್ಮೆ ತರುವುದೆಂದಾಯಿತು. ಮೊದಲ ಸಲ ಬಂದಾಗ ನಮ್ಮ ಬಾವಿಯಿಂದ ತಾಮ್ರದ ಕೊಡದ ತುಂಬ ಸೇದಿಕೊಂಡು, ತುಳುಕಬಾರದೆಂದು ಬಾಯಿಗೆ ಮಾವಿನ ಸೊಪ್ಪು ತುರುಕಿ ಬಸ್ಸು ಹತ್ತಿದರು. ತಾಮ್ರದ ಕೊಡ, ಮಾವಿನ ಎಲೆ, ಪಕ್ಕದಲ್ಲಿ ಹಣೆ ತುಂಬ ವಿಭೂತಿಯ ಗಂಭೀರ ಮುದುಕ! ಜನ ಏನೆಂದುಕೊಳ್ಳಬೇಕು? ಮೊದಲು ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಕೈಮುಗಿದಳು.

"ಯಾವ ಕ್ಷೇತ್ರದ್ದು ಸ್ವಾಮಿ?"

"ಸೊರಬದ್ದು."

"ಒಂದೀಟು ತೀರ್ಥ ಕೊಡ್ರಿ."

ನೀರು ಕೇಳಿದವರಿಗೆ ಇಲ್ಲವೆನ್ನುವ ಅಭ್ಯಾಸ ಮಾವನಿಗಿಲ್ಲ. ಆಕೆಗೆ ಕೊಟ್ಟದ್ದನ್ನು ನೋಡಿ ಹಿಂದಿನ ಸೀಟಿನವರು ಕೈಯೊಡ್ಡಿದರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಕೆಳಗಿನವರೂ ಹತ್ತಿದರು. ಡ್ರೈವರು ಸ್ಟಿಯರಿಂಗಿಗೆ ಪ್ರೋಕ್ಷಣೆ ಮಾಡಿಸಿಕೊಂಡ. ಶಿಕಾರಿಪುರ ತಲಪಿದಾಗ ಕೊಡದಲ್ಲಿ ಉಳಿದದ್ದು ಸೊಪ್ಪು!

ತಾಮ್ರ ಮೀನಿಗೆ ಒಳ್ಳೆಯದಲ್ಲವೆಂದು ನಾನೂ ಹೇಳಿದೆ. ಮುಂದಿನ ವಾರ ಮಾವ ಮುಚ್ಚಳವಿರುವ ದೊಡ್ಡ ತಗಡಿನ ಡಬ್ಬ ತಂದು, ಅದರ ಮೇಲೆ ಬಿಳಿ ಬಣ್ಣದಲ್ಲಿ 'ಮೀನಿನ ನೀರು' ಎಂದು ಬರೆಸಿದರು. ಈಗ ತೀರ್ಥ ಕೇಳುವುದಿರಲಿ, ಹತ್ತಿರ ಕೂರುವವರೇ ಇಲ್ಲ. ಮೂರು ಜನರ ಸೀಟಿನಲ್ಲಿ ಮಾವ ಮತ್ತು ಡಬ್ಬ.

ಕಂಡಕ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟ. "ಯಜಮಾನ್ರೇ, ಡಬ್ಬಕ್ಕೆ ಟಿಕೀಟು ತಗೋಬೇಕಾಗ್ತದೆ."

"ಡಬ್ಬಕ್ಕ ಯಾಕಪ್ಪ?"

"ಸೀಟಿನ ಮೇಲೆ ಕೂತೈತಲ್ರೀ."

"ಅದು ಇನ್ನೂ ಸಣ್ಣದೈತಿ. ಅರ್ಧ ಹರಿ."

ಹೀಗೆ ಅದಕ್ಕೆ ಅರ್ಧ ಟಿಕೀಟು ಕಾಯಂ ಆಯಿತು.

ನಾನು ತಿಂಗಳಿಗೊಮ್ಮೆ ಹೋಗಿ ಪರೀಕ್ಷೆ ಮಾಡುತ್ತಿದ್ದೆ. ಮೀನುಗಳು ಮಿರುಗತೊಡಗಿದವು. ಅತ್ತೆಯೂ ತಟ್ಟೆ ಪೂರ್ತಿ ಉಣ್ಣುತ್ತಿದ್ದರು, ಕೋಲು ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಿದ್ದರು, ಮಾವನೊಂದಿಗೆ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದ್ದರು. ಎಲ್ಲ ಮೀನಿನ ಮಹಿಮೆ ಎಂದುಕೊಂಡೆ. ಬಾವಿಯ ನೀರಿನ ಉಂಗುರ ಸಲಸಲಕ್ಕೂ ತೆಳ್ಳಗಾಗುತ್ತ ಬಂತು. ಮಳೆಗಾಲ ಕಳೆದ ಮೇಲೆ ಒಂದು ದಿನ ನಳಿಗೆಯನ್ನು ಬೆಳಕಿಗೆ ಹಿಡಿದೆ. ಉಂಗುರವೇ ಇಲ್ಲ! ಬೀದಿಯ ಕೂಸುಗಳು ಇನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಮಾವನಿಗೆ ಈ ಸುದ್ದಿ ಹೇಳಿದರೆ ಸೀಟಿಯೇ ಒಡೆದುಹೋಗುವಷ್ಟು ಊದುತ್ತಾರೆ ಎಂದು ಕಾದು ಕುಳಿತೆ.

ಬಸ್ಸು ಬಂತು, ಮಾವ ಬಂದರು. ಅಡುಗೆಮನೆಯ ಬಾಗಿಲಲ್ಲಿ ಡಬ್ಬ ಇಳಿಸಿ, ಮೀನುಗಳ ಕಡೆ ನೋಡದೆ, ಮಂಚದ ತಲೆದೆಸೆಯ ಹೂಜಿಯನ್ನು ಅಲ್ಲಿಗೆ ಒಯ್ದು ತೊಳೆದು ಡಬ್ಬದ ನೀರು ತುಂಬಿ ತಂದರು. ಆಮೇಲೆ ಒಂದು ತಂಬಿಗೆಗೆ ಬಗ್ಗಿಸಿ ಅತ್ತೆಯ ಕೈಗೆ ಕೊಟ್ಟು, "ನಮ್ಮ ಬಾವೀದು, ಈಗ ಸೇದಿದ್ದು" ಎಂದು ಗದರಿಸುವ ದನಿಯಲ್ಲಿ ಹೇಳಿ ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಅತ್ತೆ ಕಣ್ಣು ಮುಚ್ಚಿ ಕುಡಿದರು. ತಂಬಿಗೆ ಕೆಳಗಿಟ್ಟು ನನ್ನನ್ನು ನೋಡಿದರು.

"ಡಬ್ಬ ಬಂದ ಮೊದಲನೇ ವಾರದಿಂದ ಹೀಗೇ ಕಣೆ. ನನ್ನ ಹೂಜಿ ತುಂಬಿ ಉಳಿದರೆ ಮೀನಿಗೆ. ನನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಹೇಳಿಬಿಟ್ಟೀಯೆ, ಜೋಕೆ."

ಮಾವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ಏ ಬಿಎಸ್ಸಿ, ನಮ್ಮ ಬಾವಿದೇನಂತ?" ಎಂದು ಕೇಳಿದರು. ಕೇಳಿದವರು ನನ್ನ ಮುಖ ನೋಡಲಿಲ್ಲ, ಬಾಗಿಲ ಬಳಿಯ ಡಬ್ಬವನ್ನು ನೋಡುತ್ತಿದ್ದರು.

ಮೈಸೂರಿನಲ್ಲಿ ಮೂರು ವರ್ಷ ನಾನು ಕಲಿತದ್ದೆಲ್ಲ ಕಂಡದ್ದನ್ನು ಕಂಡ ಹಾಗೆ ಹೇಳುವುದನ್ನೇ. ನಳಿಗೆಯನ್ನು ಸೆರಗಿನ ಮರೆಗೆ ಸರಿಸಿದೆ.

"ಬೀದಿಯವರಿಗೇನೂ ಭಯವಿಲ್ಲ ಮಾವ, ಕುಡೀಬಹುದು. ಮೀನುಗಳು ಮಾತ್ರ ಬಹಳ ಸೂಕ್ಷ್ಮ. ಅವಕ್ಕೆ ಸೊರಬದ ನೀರು ನಿಲ್ಲಿಸೋ ಹಾಗಿಲ್ಲ."

"ನಾ ಹೇಳ್ಲಿಲ್ಲೇನು!" ಎಂದು ಮಾವ ತೊಡೆ ತಟ್ಟಿದರು. ಅಪ್ಪನ ಬಾವಿ ಇನ್ನೂ ಸಾಲದೆಂದು ಕೇಳಿ ಅಷ್ಟು ಸಂತೋಷಪಟ್ಟ ಮಗನನ್ನು ನಾನು ಬೇರೆಲ್ಲೂ ಕಂಡಿಲ್ಲ.