ಚಟ್ನಿ ಹಾಡು ಮತ್ತು ನನ್ನ ಕಾಮಣಿ

ಎಂಥ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದಾಗ ನಿಜ ಹೇಳುವವರು ಬಹಳ ಕಡಿಮೆ. ವಯಸ್ಸು, ನೌಕರಿ, ಉಟ್ಟ ಸೀರೆ ಎಲ್ಲವನ್ನೂ ನೋಡಿಕೊಂಡು ಉತ್ತರ ಕೊಡಬೇಕಾಗುತ್ತದೆ. ನಾನು ಯಾದಗಿರಿಯಲ್ಲಿ ಶಾಲೆಯ ಟೀಚರು. ಕಾಟನ್ ಸೀರೆ, ದಪ್ಪ ಕನ್ನಡಕ. ಹಾಗಾಗಿ ಕೇಳಿದವರಿಗೆಲ್ಲ ವಚನ, ತತ್ವಪದ ಎನ್ನುತ್ತ ಬಂದಿದ್ದೇನೆ. ಅವರಿಗೂ ಆ ಉತ್ತರವೇ ಬೇಕಾಗಿರುತ್ತದೆ, ತಲೆಯಾಡಿಸಿ ಸುಮ್ಮನಾಗುತ್ತಾರೆ. ವಚನ ಇಷ್ಟವಿಲ್ಲವೆಂದಲ್ಲ. ಆದರೆ ಒಲೆಯ ಮುಂದೆ ಒಬ್ಬಳೇ ಕೂತು ರೊಟ್ಟಿ ಬಡಿಯುವಾಗ ನನ್ನ ಬಾಯಿಗೆ ತಾನಾಗಿ ಬರುವುದು ಹಿಂದಿ ಪಾಪ್ ಹಾಡು. ಸಿನಿಮಾದ ಹಾಡಲ್ಲ. ಅದರಲ್ಲಿ ಹೀರೊ ಇಲ್ಲ, ಹೀರೊಯಿನ್ ಇಲ್ಲ, ಹಿಂದೊಂದು ಕಥೆ ಇಲ್ಲ. ಉದ್ದ ಕೂದಲು ಬಿಟ್ಟ ಯಾವನೋ ಒಬ್ಬ ಹುಡುಗ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ, ಗಿಟಾರು ಹಿಡಿದುಕೊಂಡು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ದೂರದಲ್ಲಿ ಏನನ್ನೋ ಕಳೆದುಕೊಂಡವನಂತೆ ನೋಡುತ್ತ ನಿಂತಿರುತ್ತಿದ್ದನಲ್ಲ, ಅಂಥವು.

ಈಗ ಇದನ್ನೆಲ್ಲ ಹೇಳಲು ಕಾರಣ, ನಮ್ಮ ಮನೆಗೆ ಈಚೆಗೆ ಬಣ್ಣ ಹೊಡೆಸಿದ್ದು. ಬಣ್ಣ ಹೊಡೆಸುವುದೆಂದರೆ ಗೋಡೆಯ ಕೆಲಸ ಎಂದು ನಾನು ತಿಳಿದಿದ್ದೆ. ನಮ್ಮ ಯಜಮಾನರ ಪ್ರಕಾರ ಅದು ಹೆಂಡತಿಯ ಸಾಮಾನು ಹೊರಗೆ ಹಾಕುವ ಹಬ್ಬ. ಅಟ್ಟದಿಂದ ನನ್ನ ತವರಿನ ತಗಡಿನ ಪೆಟ್ಟಿಗೆ ಇಳಿಸಿ, ಮುಚ್ಚಳ ತೆಗೆದು, ಒಳಗಿದ್ದ ಕ್ಯಾಸೆಟ್ಟುಗಳನ್ನು ನೋಡಿ, ಇವನ್ನು ಗುಜರಿಯವನೂ ಒಯ್ಯಲಿಕ್ಕಿಲ್ಲ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಕೆಲವುಗಳ ರೀಲು ಶಾವಿಗೆಯಂತೆ ಹೊರಬಿದ್ದಿತ್ತು. ಹಾಕಿ ಕೇಳೋಣವೆಂದರೆ ಟೇಪ್ ರೆಕಾರ್ಡರ್ ನಮ್ಮಲ್ಲಿ ಇಲ್ಲ. ಈಗ ಮಾತ್ರವೇನು, ಯಾವತ್ತೂ ಇರಲೇ ಇಲ್ಲ. ಟೇಪ್ ಇಲ್ಲದವಳ ಹತ್ತಿರ ಇಷ್ಟು ಕ್ಯಾಸೆಟ್ಟು ಎಲ್ಲಿಂದ ಬಂದವು ಎಂದು ಯಜಮಾನರು ಕೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಸುಜಾತಾಳ ಟೇಪಿನ ವಿಷಯ ಹೇಳಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು.

ನಾನು ಬೆಳೆದದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಕಾಲುವೆಗೆ ನೀರು ಬಂದು ಸುತ್ತಲಿನ ಹೊಲಗಳು ಹಸಿರಾಗತೊಡಗಿದ್ದ ಕಾಲ. ಅಪ್ಪ ಕಾಲುವೆ ಆಫೀಸಿನಲ್ಲಿ ಕ್ಲಾರ್ಕು. ಎರಡು ಮನೆ ಆಚೆಗಿನ ಕ್ವಾರ್ಟರ್ಸಿನಲ್ಲಿ ಸುಜಾತಾ ಇದ್ದಳು. ಅವಳ ಅಪ್ಪ ಕಾಲುವೆಯ ತೂಬು ನೋಡಿಕೊಳ್ಳುತ್ತಿದ್ದರು. ನಾವಿಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು. ಸೊಲ್ಲಾಪುರದ ಮಿಲ್ಲಿನಲ್ಲಿದ್ದ ಅವಳಣ್ಣ ಒಂದು ಸಲ ಬರುವಾಗ ಕರಿಯ ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ನನ್ನ ಸೋದರಮಾವನದು ಯಾದಗಿರಿ ಸ್ಟೇಷನ್ ಹತ್ತಿರ ಕ್ಯಾಸೆಟ್ಟಿನ ಅಂಗಡಿ. ಅವನ ಗಿರಾಕಿಗಳು ಸಿನಿಮಾ ಹಾಡು ಒಯ್ಯುತ್ತಿದ್ದರು, ಭಜನೆ ಒಯ್ಯುತ್ತಿದ್ದರು, ಕವ್ವಾಲಿ ಒಯ್ಯುತ್ತಿದ್ದರು. ಗಿಟಾರಿನ ಹುಡುಗರನ್ನು ಮಾತ್ರ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಹಾಗೆ ಉಳಿದವನ್ನೆಲ್ಲ ಮಾವ ನನಗೆ ಕೊಟ್ಟುಬಿಡುತ್ತಿದ್ದ. ನನ್ನ ಸಂಗೀತದ ಅಭಿರುಚಿ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟುಕೊಳ್ಳುವುದು ಏನಿದೆಯೋ, ಅದು ಯಾದಗಿರಿಯ ಜನ ಬೇಡವೆಂದು ಬಿಟ್ಟದ್ದು. ಆ ಜನಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಅಂತೂ ಕ್ಯಾಸೆಟ್ಟು ನನ್ನವು, ಟೇಪು ಅವಳದು. ಒಬ್ಬರನ್ನು ಬಿಟ್ಟು ಒಬ್ಬರಿಗೆ ಗತಿಯಿಲ್ಲ. ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಟೇಪಿಟ್ಟುಕೊಂಡು ಕೂತುಬಿಟ್ಟರೆ ಅವ್ವ ಕರೆದದ್ದು ಕೇಳಿಸುತ್ತಿರಲಿಲ್ಲ. ರೀಲು ಸಿಕ್ಕಿಕೊಂಡರೆ ನಾನು ಅಳುಮೋರೆ ಮಾಡುತ್ತಿದ್ದೆ. ಸುಜಾತಾ ಪೆನ್ಸಿಲು ತೂರಿಸಿ ಸಮಾಧಾನವಾಗಿ ಸುತ್ತುತ್ತಿದ್ದಳು. ಮುಂದೆ ಅವಳು ನರ್ಸಾದದ್ದು, ನಾನು ಬರೀ ಮಾತಾಡುವ ನೌಕರಿ ಹಿಡಿದದ್ದು ಎರಡೂ ಸರಿಯೇ ಎನ್ನಿಸುತ್ತದೆ.

ಇಂಥ ಗೆಳೆತನ ಮುರಿದದ್ದು ಒಬ್ಬ ಹಾಡುಗಾರನಿಂದ. ಹೊಸ ಕ್ಯಾಸೆಟ್ಟಿನ ಮೇಲೆ ಮೋಟಾರ್ ಸೈಕಲ್ಲಿಗೆ ಒರಗಿ ನಿಂತವನನ್ನು ನಾನು ಮದುವೆಯಾಗುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿದ್ದೆ. ಸುಜಾತಾ ಅದನ್ನೇ ಬಾಯಿಬಿಟ್ಟು ಹೇಳಿದಳು, ಆದರೆ ಮದುವೆಯಾಗುವವಳು ತಾನು ಎಂದು. ಮುಂಬೈಯಲ್ಲಿದ್ದ ಆ ಬಡಪಾಯಿಗೆ ಭೀಮರಾಯನಗುಡಿಯಲ್ಲಿ ತನ್ನ ಸಲುವಾಗಿ ಏನು ನಡೆಯುತ್ತಿದೆ ಎಂಬುದರ ಕಲ್ಪನೆಯೂ ಇರಲಿಕ್ಕಿಲ್ಲ. ನಾವು ಮಾತ್ರ ಬಹಳ ಗಂಭೀರವಾಗಿ ವಾದಿಸಿದೆವು. ಕೊನೆಗೆ ಸುಜಾತಾ, "ಅಂವ ನಿಮ್ಮ ಮನಿ ಜ್ವಾಳದ ರೊಟ್ಟಿ ತಿಂತಾನೇನು? ನಿಮ್ಮಾಗ ಮಾಂಸಾನೂ ಮಾಡಂಗಿಲ್ಲ. ಉಪವಾಸ ಸಾಯ್ತಾನ" ಎಂದಳು. ಆ ಮಾತಿನಲ್ಲಿ ನಿಜವಿದ್ದುದರಿಂದಲೇ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನನ್ನ ಕ್ಯಾಸೆಟ್ಟು ಎತ್ತಿಕೊಂಡು ನಾನು ಒಳಗೆ ಹೋದೆ. ಅವಳ ಟೇಪು ಎತ್ತಿಕೊಂಡು ಅವಳು ಮನೆಗೆ ಹೋದಳು. ಮಾತು ನಿಂತಿತು. ಸಂಜೆಯಾದರೆ ನಾನು ಕ್ಯಾಸೆಟ್ಟಿನ ಹೊದಿಕೆಯನ್ನು ಓದುತ್ತ ಕೂರುತ್ತಿದ್ದೆ. ಅವಳು ಖಾಲಿ ಟೇಪನ್ನು ಒರೆಸುತ್ತ ಕೂರುತ್ತಿದ್ದಳೆಂದು ಅವಳ ತಂಗಿ ಬಂದು ಹೇಳಿದಳು.

ಅಷ್ಟರಲ್ಲಿ ನನಗೆ ಕಾಮಣಿಯಾಯಿತು, ಅಂದರೆ ಕಾಮಾಲೆ. ಕಣ್ಣು ಅರಿಸಿನವಾಗಿ, ಎದ್ದು ನಿಲ್ಲಲಾರದೆ ಮಲಗಿದೆ. ಶಹಾಪುರದ ಡಾಕ್ಟರು ವಿಶ್ರಾಂತಿ ಬೇಕೆಂದರು. ಎಣ್ಣೆ ಇಲ್ಲ, ಖಾರ ಇಲ್ಲ, ಮಜ್ಜಿಗೆ ಅನ್ನ ಒಂದೇ. ಆರೈಕೆಗೆಂದು ಕೆಂಭಾವಿಯಿಂದ ಆಯಿ ಬಂದಳು. ಆಯಿ ಎಂದರೆ ಅಪ್ಪನ ಅವ್ವ. ಅವಳು ಬಂದಳೆಂದರೆ ನಮ್ಮ ಮನೆಯ ಕಾನೂನು ಬದಲಾಗುತ್ತಿತ್ತು. ಸುಜಾತಾಳ ಮನೆಯವರು ಬೌದ್ಧರು. ಕೆಂಭಾವಿಯ ಲೆಕ್ಕದಲ್ಲಿ ಊರ ಹೊರಗಿನ ಕೇರಿಯವರು. ಅಪ್ಪ, ಅವ್ವ ಅದನ್ನು ಎಣಿಸುತ್ತಿರಲಿಲ್ಲ. ಸುಜಾತಾ ನಮ್ಮ ಅಡುಗೆಮನೆಯವರೆಗೂ ಬರುವವಳು. ಆದರೆ ಆಯಿ ಇದ್ದಾಗ ಅವ್ವ ಚಹಾವನ್ನು ಹೊರಗಿನ ಕಟ್ಟೆಗೇ ತಂದುಕೊಡುತ್ತಿದ್ದಳು. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳದೆಯೇ ಸುಜಾತಾ ಹೊಸ್ತಿಲು ದಾಟುವುದನ್ನು ಬಿಡುತ್ತಿದ್ದಳು.

ನಾನು ಮಲಗಿದ ಕೆಲವು ದಿನಗಳ ಮೇಲೆ ಒಂದು ಸಂಜೆ ತಲೆದಿಂಬಿನ ಮೇಲಿನ ಕಿಟಕಿಯಲ್ಲಿ ಏನೋ ಸದ್ದಾಯಿತು. ನೋಡಿದರೆ ಹೊರಗೆ ಸುಜಾತಾ. ಟೇಪನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕಂಬಿಯೊಳಗಿಂದ ಕೈ ಚಾಚಿದಳು. ಮುಖ ಮಾತ್ರ ಕಾಲುವೆಯ ಕಡೆ. ಮಾತು ಬಿಟ್ಟಿದ್ದೆವಲ್ಲ, ಮಾತಾಡುವಂತಿರಲಿಲ್ಲ. ನಾನೂ ಮುಖ ಗೋಡೆಗೆ ತಿರುಗಿಸಿಕೊಂಡೇ ಒಂದು ಕ್ಯಾಸೆಟ್ಟು ಅವಳ ಕೈಗಿಟ್ಟೆ. ಹಾಡು ಶುರುವಾಯಿತು. ಒಂದು ಬದಿ ಮುಗಿಯುವವರೆಗೆ ಅವಳು ಇಳಿಬಿಸಿಲಲ್ಲಿ ಬೆನ್ನು ತಿರುಗಿಸಿ ನಿಂತೇ ಇದ್ದಳು. ಮುಗಿದ ಮೇಲೆ ಕ್ಯಾಸೆಟ್ಟು ವಾಪಸು ಇಟ್ಟು ಹೊರಟುಹೋದಳು. ಮರುದಿನ ಮತ್ತೆ ಬಂದಳು. ಕಾಯಿಲೆಯಲ್ಲಿ ಬಿದ್ದವರನ್ನು ನೋಡಲು ಬಂದವರೆಲ್ಲ ತಮಗೆ ಗೊತ್ತಿದ್ದ ಕಾಮಣಿಯ ಸಾವುಗಳನ್ನು ಒಂದೊಂದಾಗಿ ವಿವರಿಸಿ ಹೋಗುತ್ತಿದ್ದ ಆ ದಿನಗಳಲ್ಲಿ, ಏನೂ ಮಾತಾಡದೆ ಹಾಡು ಹಾಕಿ ಹೋಗುತ್ತಿದ್ದವಳು ಅವಳೊಬ್ಬಳೇ. ನನಗೆ ಊಟ ಸೇರತೊಡಗಿದ್ದು ಆಯಿಯ ಮದ್ದಿನಿಂದಲೋ ಡಾಕ್ಟರ ಗುಳಿಗೆಯಿಂದಲೋ ಎಂದು ಅಪ್ಪ, ಆಯಿ ವಾದ ಮಾಡುತ್ತಿದ್ದರು. ನನಗೆ ಗೊತ್ತಿತ್ತು, ಸಂಜೆಯ ತನಕ ಗಟ್ಟಿಯಾಗಿರಬೇಕೆಂದು ನಾನು ಬೆಳಗಿನಿಂದ ಉಣ್ಣುತ್ತಿದ್ದೆ.

ಇನ್ನು ಆಯಿ. ಮೊದಲ ದಿನ ಅವಳು ಮೂಗು ಮುರಿದಳು. ಆಮೇಲೆ, ಮೂಲೆಯ ಕೌದಿಯ ಮೇಲೆ ಕೂತವಳು ಹತ್ತಿ ಬಿಡಿಸುವುದನ್ನು ನಿಲ್ಲಿಸಿ ಕಿವಿಗೊಡತೊಡಗಿದಳು. ಅವಳಿಗೆ ಕಿವಿ ಮಂದ. ಒಂದು ಹಾಡಿನಲ್ಲಿ ನಮ್ಮ ಮೋಟಾರ್ ಸೈಕಲ್ಲಿನವನು ಬೆಳದಿಂಗಳಿಗೆ ಚಾಂದನಿ, ಚಾಂದನಿ ಎಂದು ಎದೆ ಬಿರಿಯುವಂತೆ ಕೂಗುತ್ತಿದ್ದ. ಆಯಿ ಬಹಳ ಹೊತ್ತು ಕೇಳಿ, "ಪಾಪ, ಯಾಕ ಅಷ್ಟು ಚಟ್ನಿ ಚಟ್ನಿ ಅಂತಾನ? ಬರೀ ರೊಟ್ಟಿ ಕೊಟ್ಟಾರೇನು ಅವಂಗ?" ಎಂದಳು. ನನಗೆ ನಗು ತಡೆಯಲಿಲ್ಲ. ಕಿಟಕಿಯ ಹೊರಗಿನ ಬೆನ್ನೂ ಅಲುಗಿತು. ಅಲ್ಲಿಂದ ಅದು ಚಟ್ನಿ ಹಾಡಾಯಿತು. ಆಯಿಗೆ ದಿನವೂ ಅದೇ ಬೇಕು. ಹಸಿದವನ ಮೇಲೆ ಅವಳಿಗೆ ಕರುಣೆ ಬಂದುಬಿಟ್ಟಿತ್ತು.

ಒಂದು ಸಂಜೆ ಗಾಳಿ ಜೋರಾಗಿತ್ತು. ಕಿಟಕಿಯಲ್ಲಿಟ್ಟ ಟೇಪಿನ ಹಾಡು ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಯಿ ಎರಡು ಸಲ ಕಿವಿಯ ಹಿಂದೆ ಕೈಯಿಟ್ಟು ನೋಡಿದಳು. ಕೊನೆಗೆ ಎದ್ದು ಕಿಟಕಿಗೆ ಬಂದು, "ಅಲ್ಲಿ ನಿಂತು ಹಚ್ಚಿದ್ರ ನನಗ ಕೇಳಂಗಿಲ್ಲ. ಒಳಗ ಬಂದು ಹಚ್ಚು" ಎಂದಳು.

ಸುಜಾತಾ ಅಲುಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಆಯಿಗೆ ಈ ಮೌನವೂ ಕೇಳಿಸಲಿಲ್ಲವೆಂದು ಕಾಣುತ್ತದೆ. ತನ್ನ ಕೌದಿಗೆ ವಾಪಸು ಹೋಗಿ ಕೂತು, ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಸುಜಾತಾ ಟೇಪನ್ನು ಎದೆಗೊತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ನಾನು ನೋಡುತ್ತಲೇ ಇದ್ದೆ. ಅವಳು ಒಳಗೆ ಬಂದು ಆ ಕೌದಿಯ ಮೇಲೆ ಕೂತಳು. ಅವ್ವ ಒಳಗಿನಿಂದ ಮೂರು ಕಪ್ ಚಹಾ ತಂದಿಟ್ಟಳು. ಆಯಿ ಒಂದನ್ನು ತಾನು ತೆಗೆದುಕೊಂಡು ಒಂದನ್ನು ಸುಜಾತಾಳ ಕಡೆ ಸರಿಸಿದಳು. ಕಾಮಣಿಯವಳಿಗೆ ಚಹಾ ಯಾಕೆ ಎಂದು ಅವ್ವನನ್ನು ಬೈದು ನನ್ನ ಕಪ್ಪನ್ನು ಮಾತ್ರ ವಾಪಸು ಕಳಿಸಿದಳು.

ಮುಂದೆ ಸುಜಾತಾ ಕಲಬುರಗಿಗೆ ನರ್ಸಿಂಗ್ ಓದಲು ಹೋದಳು. ನಾನು ಟೀಚರಾಗಿ ಯಾದಗಿರಿಗೆ ಬಂದೆ. ಅವಳೀಗ ಸುರಪುರದಲ್ಲಿದ್ದಾಳೆ. ಪೆಟ್ಟಿಗೆ ತೆರೆದ ದಿನ ನಾನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಕುಟ್ಟಿ ಆ ಹಾಡನ್ನು ಹುಡುಕಿದೆ. ಸಿಕ್ಕಿತು. ಯಜಮಾನರು ಅರ್ಧ ಕೇಳಿ, ಈ ಮನುಷ್ಯನಿಗೆ ಶ್ರುತಿ ನಿಲ್ಲುವುದಿಲ್ಲ ಎಂದರು. ನನಗೂ ಗಾಬರಿಯಾಯಿತು, ಯಾಕೆಂದರೆ ನಿಜವಾಗಿಯೂ ನಿಲ್ಲುತ್ತಿರಲಿಲ್ಲ. ವಾದ್ಯಗಳು ಡಬ್ಬಿ ಬಡಿದಂತಿದ್ದವು. ಚಾಂದನಿ ಎಂಬುದು ಸ್ಪಷ್ಟವಾಗಿ ಚಾಂದನಿ ಎಂದೇ ಕೇಳಿಸಿ ನಿರಾಸೆಯಾಯಿತು. ಆದರೂ ಹಾಡು ಮುಗಿಯುವ ಹೊತ್ತಿಗೆ ನನ್ನ ಕಣ್ಣು ಒದ್ದೆಯಾಗಿತ್ತು. ಬಣ್ಣದ ವಾಸನೆ ಎಂದು ಯಜಮಾನರಿಗೆ ಹೇಳಿದೆ.

ಆ ಭಾನುವಾರವೇ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಸುಜಾತಾಳಿಗೆ ರಜೆ ಇತ್ತು, ಮನೆಯಲ್ಲಿ ಒಬ್ಬಳೇ ಇದ್ದಳು. ಊಟವಾದ ಮೇಲೆ ಮೊಬೈಲನ್ನು ಸ್ಟೀಲಿನ ಡಬರಿಯಲ್ಲಿಟ್ಟು ಹಾಡು ಹಚ್ಚಿದೆವು. ಡಬರಿಯಲ್ಲಿಟ್ಟರೆ ಜೋರಾಗಿ ಕೇಳುತ್ತದೆ ಎಂಬುದು ಅವಳ ಸಂಶೋಧನೆ. ಒಂದಾದ ಮೇಲೊಂದು ಹಾಡು ಬಂದಂತೆ ನಾನು ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ: ಅಷ್ಟು ಸಿಟ್ಟಿನಲ್ಲಿದ್ದವಳು ಆವತ್ತು ಕಿಟಕಿಗೆ ಯಾಕೆ ಬಂದೆ?

"ಕ್ಯಾಸೆಟ್ ನಿನ್ನ ಹತ್ರ ಇದ್ವಲ್ಲ ಮಾದೇವಿ. ಮತ್ತೇನ್ ಮಾಡ್ಲಿ?" ಎಂದು ಅವಳು ನಕ್ಕಳು.

ಆಯಿ ಒಳಗೆ ಕರೆದದ್ದು ದೊಡ್ಡ ಸಂಗತಿ ಎಂದು ಮೆಲ್ಲಗೆ ಹೇಳಿದೆ. ಸುಜಾತಾ ಡಬರಿಯನ್ನು ಹತ್ತಿರ ಎಳೆದುಕೊಂಡಳು.

"ನಾ ಒಳಗ ಬಂದಿದ್ದು ದೊಡ್ಡದಲ್ಲ. ಆಯಿ ಕರಿಯಾಕ ಅಷ್ಟು ವರ್ಷ ಹಿಡೀತಲ್ಲ, ಅದಕ್ಕ ನನಗಿನ್ನೂ ಸಿಟ್ಟದ. ಆದ್ರ ಕರದ ಮ್ಯಾಲ ಆ ಮುದುಕಿ ಮತ್ತ ಹಿಂದ ಸರೀಲಿಲ್ಲ. ಅದನ್ನೂ ನಾ ಮರ್ತಿಲ್ಲ" ಎಂದಳು.

ನನ್ನ ಆಯಿಯನ್ನು ಅವಳು ನನಗಿಂತ ಸರಿಯಾಗಿ ಅಳೆದಿದ್ದಳು. ಆ ಅಳತೆಯಲ್ಲಿ ಪ್ರೀತಿಯೂ ಇತ್ತು. ಡಬರಿಯಲ್ಲಿ ಮುಂದಿನ ಹಾಡು ಶುರುವಾಯಿತು. ಅವಳು ಹಾಡತೊಡಗಿದಳು, ನಾನೂ ದನಿ ಸೇರಿಸಿದೆ. ಮೊದಲು ಮೆಲ್ಲಗೆ, ಆಮೇಲೆ ನಾಚಿಕೆ ಬಿಟ್ಟು. ಪಕ್ಕದ ಮನೆಯವರು ಬಂದು ಮನೆಯಲ್ಲಿ ಏನಾದರೂ ಕಾರ್ಯಕ್ರಮವಿದೆಯೇನ್ರಿ ಎಂದು ಕೇಳಿದರು. ಹೌದ್ರಿ, ಇನ್ನೂ ಮುಗಿದಿಲ್ಲ ಎಂದಳು ಸುಜಾತಾ. ಕೊನೆಯ ಬಸ್ಸು ಹಿಡಿಯುವವರೆಗೆ ಹಾಡಿದೆವು.

ಮರುದಿನ ಶಾಲೆಯಲ್ಲಿ ಬಾಯಿ ತೆರೆದರೆ ನನ್ನ ಧ್ವನಿ ಹೊರಡಲಿಲ್ಲ. ಗಂಟಲಿನಿಂದ ಬರೀ ಗಾಳಿ ಬಂತು. ಹೆಡ್ಮಾಸ್ತರರು, ಮಕ್ಕಳಿಗಾಗಿ ಇಷ್ಟು ಕಿರುಚಬಾರದು ಮೇಡಂ, ಆರೋಗ್ಯ ನೋಡಿಕೊಳ್ಳಿ ಎಂದು ಎಲ್ಲ ಟೀಚರುಗಳ ಮುಂದೆ ನನ್ನ ಕರ್ತವ್ಯನಿಷ್ಠೆಯನ್ನು ಹೊಗಳಿದರು. ತಿದ್ದಲು ನನಗೆ ಧ್ವನಿ ಇರಲಿಲ್ಲ, ಇದ್ದಿದ್ದರೂ ತಿದ್ದುತ್ತಿದ್ದೆನೋ ಇಲ್ಲವೋ. ಏಳನೆಯ ತರಗತಿಗೆ ಹೋಗಿ ಪಾಠವನ್ನು ಬೋರ್ಡಿನ ಮೇಲೆ ಬರೆದು ಕುರ್ಚಿಯಲ್ಲಿ ಕೂತೆ. ಮಕ್ಕಳು ಹಿಂದೆಂದೂ ಇಲ್ಲದಷ್ಟು ಶಾಂತವಾಗಿ, ಮುಖದಲ್ಲಿ ಏನೋ ಕಳೆ ತುಂಬಿಕೊಂಡು ಬರೆದುಕೊಂಡರು. ಸಂಜೆ ಮನೆಗೆ ಹೋಗುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹತ್ತಿರ ಬಂದು, ಬಹಳ ಕಾಳಜಿಯಿಂದ, "ಟೀಚರ್, ನಾಳೀನೂ ಮಾತಾಡಾಕ ಹೋಗಬ್ಯಾಡ್ರಿ" ಎಂದಳು. ಆ ಹಾಡುಗಾರನ ಋಣ ನನಗೊಬ್ಬಳಿಗೇ ಇದೆಯೆಂದು ಇಷ್ಟು ವರ್ಷ ತಿಳಿದಿದ್ದೆ. ಈಗ ನೋಡಿದರೆ ನಮ್ಮ ಏಳನೆಯ ತರಗತಿಯೇ ಅವನಿಗೆ ನನಗಿಂತ ಹೆಚ್ಚು ಋಣಿಯಾಗಿದೆ.